ನಮಗೆ ಕೇಳಿಸದ ನಮ್ಮ ನಾಯಿ

“ನಾಯಿ ಬೊಗಳಿದರೆ ದೇವಲೋಕ ಹಾಳಾದೀತೇ” ಎಂಬ ಗಾದೆಯನ್ನು ಕಟ್ಟಿದವರ ಮನೆಗೂ ನೆರೆಮನೆಗೂ ನಡುವೆ ಒಂದು ಗದ್ದೆಯಾದರೂ ಇದ್ದಿರಬೇಕು. ಮುಂಬಯಿಯ ಸೊಸೈಟಿಗಳಲ್ಲಿ ದೇವಲೋಕ ಅಷ್ಟು ದೂರದಲ್ಲಿಲ್ಲ, ಗೋಡೆಯಾಚೆಗೇ ಇದೆ. ಅಲ್ಲಿ ರಾತ್ರಿಪಾಳಿ ಮುಗಿಸಿ ಬಂದ ನರ್ಸ್ ಮಲಗಿರುತ್ತಾಳೆ; ಹತ್ತನೆಯ ತರಗತಿಯ ಹುಡುಗ ಪರೀಕ್ಷೆಗೆ ಓದುತ್ತಿರುತ್ತಾನೆ; ಕಾಯಿಲೆಯ ಹಿರಿಯರೊಬ್ಬರು ನಿದ್ದೆಗಾಗಿ ಹೊರಳುತ್ತಿರುತ್ತಾರೆ. ನಾಯಿ ಬೊಗಳಿದರೆ ಆ ಲೋಕ ನಿಜವಾಗಿಯೂ ಹಾಳಾಗುತ್ತದೆ. ಇಷ್ಟನ್ನು ತಿಳಿದುಕೊಳ್ಳಲು ನಮಗೆ ಏಳು ತಿಂಗಳು ಬೇಕಾದವು. ಹಾಳು ಮಾಡುತ್ತಿದ್ದುದು ನಮ್ಮದೇ ನಾಯಿ.

ನಾವಿಬ್ಬರೂ ಕರಾವಳಿಯ ಹಳ್ಳಿಗಳಿಂದ ಬಂದವರು. ಊರಿನ ಅಂಗಳದಲ್ಲಿ ನಾಯಿ ಬೊಗಳುವುದೆಂದರೆ ಅದೊಂದು ಸುದ್ದಿ. ತಡಮೆ ದಾಟಿ ಯಾರೋ ಬಂದರೆ ಒಂದು ದನಿ, ಕೊಟ್ಟಿಗೆಯ ಹಿಂದೆ ಹಾವು ಕಂಡರೆ ಇನ್ನೊಂದು, ತೋಟಕ್ಕೆ ಹಂದಿ ನುಗ್ಗಿದರೆ ಮತ್ತೊಂದು. ಮನೆಯ ಹಿರಿಯರು ಚಾಪೆಯಿಂದ ಏಳದೆಯೇ “ಅದು ದಾರಿಹೋಕರಿಗೆ, ಮಲಗಿ” ಎನ್ನುತ್ತಿದ್ದರು. ಆ ನೆನಪಿನ ಬಲದಿಂದಲೇ, ಒಂದು ಮಳೆಗಾಲದ ಸಂಜೆ ಕಟ್ಟಡದ ಪಂಪಿನ ಕೋಣೆಯ ಬಳಿ ನಡುಗುತ್ತಿದ್ದ ಮರಿಯನ್ನು ಮೇಲೆ ತಂದೆವು. ಊರಿನ ನಾಯಿಯ ಹೆಸರನ್ನೇ ಇಟ್ಟೆವು: ಬೊಗ್ಗ. ಲಸಿಕೆ ಹಾಕಿಸಿದೆವು, ಪಾಲಿಕೆಯ ಪರವಾನಗಿ ಪಡೆದೆವು. ಬೆಳಿಗ್ಗೆ ಒಂಬತ್ತೂವರೆಗೆ ಮನೆಗೆ ಬೀಗ ಹಾಕಿ ಹೊರಟರೆ ನಾವು ಹಿಂದಿರುಗುವುದು ಸಂಜೆ ಏಳರ ಮೇಲೆ. ನಮ್ಮನ್ನು ಕಂಡೊಡನೆ ಅದು ಕುಣಿಯುತ್ತಿತ್ತು, ಉಂಡು ಕಾಲ ಬುಡದಲ್ಲಿ ಮಲಗುತ್ತಿತ್ತು. ಇಷ್ಟು ಸಾಧುವಾದ ಪ್ರಾಣಿ ಇನ್ನೊಂದಿಲ್ಲವೆಂದು ಬಂದವರಿಗೆಲ್ಲ ಹೇಳುತ್ತಿದ್ದೆವು.

ಹೀಗಿರುವಾಗ ಸೊಸೈಟಿಯ ಕಮಿಟಿಯಿಂದ ಪತ್ರ ಬಂದಿತು. ನಿಮ್ಮ ನಾಯಿಯ ಗದ್ದಲದಿಂದ ನಿವಾಸಿಗಳಿಗೆ ತೊಂದರೆಯಾಗುತ್ತಿದೆ, ಹದಿನೈದು ದಿನಗಳೊಳಗೆ ಬೇರೆ ವ್ಯವಸ್ಥೆ ಮಾಡಿಕೊಳ್ಳತಕ್ಕದ್ದು ಎಂಬ ಎರಡು ಸಾಲು. ನಮಗೆ ಮೊದಲು ಬಂದದ್ದು ನಗು, ಆಮೇಲೆ ಸಿಟ್ಟು. ನಮ್ಮ ಬೊಗ್ಗ ಬೊಗಳುವುದೇ ಇಲ್ಲವಲ್ಲ! ಆ ಸಿಟ್ಟಿನೊಳಗೆ ಇನ್ನೊಂದು ಸಂಶಯವೂ ಸೇರಿಕೊಂಡಿತೆಂದು ಒಪ್ಪಿಕೊಳ್ಳಬೇಕು. ಆ ಮಾಳಿಗೆಯಲ್ಲಿ ಮರಾಠಿಯನ್ನು ತಡವರಿಸಿ ಮಾತನಾಡುವವರು ನಾವು ಮಾತ್ರ. ಹೊರಗಿನವರೆಂದೇ ನಮ್ಮ ಮೇಲೆ ಈ ದೂರು ಎಂದು ಅಡುಗೆಮನೆಯಲ್ಲಿ ನಿಂತು ನಮ್ಮೊಳಗೇ ತೀರ್ಮಾನಿಸಿಬಿಟ್ಟೆವು. ಹೊರನಾಡಿನಲ್ಲಿ ಬಾಳುವವರ ಮನಸ್ಸು ಬಲುಬೇಗ ಕುಳಿತುಕೊಳ್ಳುವ ಕುರ್ಚಿ ಇದು. ಒಮ್ಮೆ ಕುಳಿತರೆ ಎದ್ದು ವಿಚಾರಿಸಬೇಕಾದ ತೊಂದರೆಯಿಲ್ಲ.

ವಿಚಾರಿಸುವ ಬದಲು ನಾವು ಕಾನೂನನ್ನು ಹುಡುಕಿದೆವು. ಕಾನೂನು ನಮ್ಮ ಕಡೆಗೇ ಇತ್ತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿ ಹೊರಡಿಸಿದ ಮಾರ್ಗಸೂಚಿಗಳ ಪ್ರಕಾರ, ಬಹುಮತದ ನಿರ್ಣಯದಿಂದಲೂ ಸೊಸೈಟಿಯೊಂದು ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ. ಬೊಗಳುತ್ತದೆ ಎಂಬುದು ನಿಷೇಧಕ್ಕೆ ತಕ್ಕ ಕಾರಣವೂ ಆಗದು. ಇದನ್ನು ಕೆಂಪು ಗೆರೆ ಎಳೆದು ಸೆಕ್ರೆಟರಿಯವರಿಗೆ ಕಳುಹಿಸಿದೆವು. ಅಂದು ರಾತ್ರಿ ಗೆದ್ದವರ ನಿದ್ದೆ ಮಾಡಿದೆವು.

ಅದೇ ಮಾರ್ಗಸೂಚಿ, ಪ್ರಾಣಿಯಿಂದ ಇತರರಿಗೆ ಉಪದ್ರವವಾಗದಂತೆ ನೋಡಿಕೊಳ್ಳಿ ಎಂದು ಸಾಕಿದವರಿಗೂ ಹೇಳುತ್ತದೆ. ಆ ಸಾಲಿಗೆ ನಾವು ಗೆರೆ ಎಳೆದಿರಲಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶದ ಸದ್ದಿಗೆ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್ ಎಂಬ ಮಿತಿಯನ್ನು ಇಟ್ಟಿವೆ. 1960ರ ಪ್ರಾಣಿ ಹಿಂಸೆ ತಡೆ ಕಾಯಿದೆಯ 11ನೆಯ ವಿಧಿಯಂತೆ, ಸದಾ ಕಟ್ಟಿಹಾಕಿದ ಅಥವಾ ಕೂಡಿಹಾಕಿದ ನಾಯಿಗೆ ತಕ್ಕಷ್ಟು ಓಡಾಟ ಮಾಡಿಸದೆ ಇರುವುದೂ ಹಿಂಸೆಯೇ. ಬಾಗಿಲಿಗೆ ಬೀಗ ಹಾಕಿ ಹತ್ತು ಗಂಟೆ ಹೊರಗಿರುವವರು ಆ ಸಾಲನ್ನು ನಿಧಾನವಾಗಿ ಓದಬೇಕಾಗಿತ್ತು. ನಾವು ಓದಲಿಲ್ಲ.

ಪಕ್ಕದ ಮನೆಯ ಕಾಕು ಲಿಫ್ಟಿನ ಬಳಿ ಸಿಕ್ಕಿದ್ದು ಅದಾದ ಒಂದು ವಾರಕ್ಕೆ. ಎಪ್ಪತ್ತು ದಾಟಿದ ಆಕೆಗೆ ನಾವು ಬಿಗುಮಾನದಿಂದಲೇ ನಮಸ್ಕಾರ ಹೇಳಿದೆವು. ಆಕೆ ಜಗಳಕ್ಕೆ ನಿಲ್ಲಲಿಲ್ಲ. “ನಿಮ್ಮ ನಾಯಿ ಸಿಟ್ಟಿನಿಂದ ಬೊಗಳುವುದಲ್ಲ, ಅಳುತ್ತದೆ” ಎಂದರು. ಒಳಗೆ ಕರೆದು ಕೂರಿಸಿ ಗೋಡೆಯ ಕ್ಯಾಲೆಂಡರನ್ನು ತೋರಿಸಿದರು. ತಾರೀಖಿನ ಚೌಕಗಳಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಪೆನ್ಸಿಲಿನಿಂದ ಗಂಟೆಗಳನ್ನು ಬರೆದಿದ್ದರು. 9.40ರಿಂದ 10.30. ಒಂದರಿಂದ ಎರಡೂಕಾಲು. ನಾಲ್ಕಕ್ಕೆ ಮತ್ತೆ. ಒಳಗಿನ ಕೋಣೆಯಲ್ಲಿ ಆಕೆಯ ಯಜಮಾನರು ಮಲಗಿದ್ದರು. ಪಾರ್ಶ್ವವಾಯುವಾಗಿ ಒಂದು ವರ್ಷವಾಗಿತ್ತು. ರಾತ್ರಿ ಅವರಿಗೆ ನಿದ್ದೆ ಬರುವುದಿಲ್ಲ. ಮಧ್ಯಾಹ್ನದ ಔಷಧಿಯ ನಂತರ ಒಂದು ಗಂಟೆಗೆ ಕಣ್ಣು ಮುಚ್ಚುತ್ತಿದ್ದರಂತೆ. ಅವರು ಮಲಗಿದಾಗಲೇ ಕಾಕುವಿಗೂ ಒಂದಿಷ್ಟು ಒರಗುವ ಬಿಡುವು. ಏಳು ತಿಂಗಳು ಆ ಬಿಡುವು ಇರಲಿಲ್ಲ. ಮೊದಲೇ ನಮಗೆ ಹೇಳಬಹುದಿತ್ತಲ್ಲ ಎಂದೆವು. ಎರಡು ಸಲ ಬಾಗಿಲು ತಟ್ಟಿದ್ದೆ, ಎರಡು ಸಲವೂ ಒಳಗಿನಿಂದ ನಾಯಿಯೇ ಉತ್ತರ ಕೊಟ್ಟಿತು ಎಂದರು.

ಆ ಕ್ಯಾಲೆಂಡರಿನ ಮುಂದೆ ನಿಂತಾಗ ನಮಗೆ ಹೊಳೆದ ವಿಷಯವನ್ನು ಹೇಳಲಿಕ್ಕಾಗಿಯೇ ಈ ಬರಹ. ನಾಯಿಯ ಒಡೆಯ ತನ್ನ ನಾಯಿಯ ಬೊಗಳಿಕೆಯನ್ನು ಕೇಳುವುದೇ ಇಲ್ಲ. ಆತ ಇಲ್ಲದಿರುವುದರಿಂದಲೇ ಅದು ಬೊಗಳುತ್ತದೆ. ಆತ ಬಂದೊಡನೆ ನಿಲ್ಲಿಸುತ್ತದೆ. ಆತ ಕಾಣುವ ಸಾಧುಪ್ರಾಣಿಯೂ ನಿಜ, ನೆರೆಯವರು ಕೇಳುವ ಗೋಳೂ ನಿಜ. ಹಗಲಿಡೀ ಆ ಪ್ರಾಣಿಯ ಪಾಡೇನೆಂಬುದಕ್ಕೆ ಇರುವ ಒಬ್ಬರೇ ಸಾಕ್ಷಿ ನೆರೆಯವರು. ಅವರ ದೂರನ್ನು ಹಗೆತನವೆಂದು ತಳ್ಳಿಹಾಕಿದರೆ ನಮ್ಮ ನಾಯಿಯ ಪರವಾಗಿ ಬಂದ ಸಾಕ್ಷಿಯನ್ನೇ ಹೊರಗಟ್ಟಿದಂತಾಗುತ್ತದೆ.

ಮರುದಿನ ಹಳೆಯ ಫೋನೊಂದನ್ನು ಧ್ವನಿಮುದ್ರಣಕ್ಕಿಟ್ಟು ಹೊರಟೆವು. ಸಂಜೆ ಕೇಳಿದೆವು. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು, ಕೆಲವು ನಿಮಿಷಗಳ ಮೌನ, ಬಾಗಿಲನ್ನು ಕೆರೆಯುವ ಉಗುರಿನ ಸದ್ದು, ಆಮೇಲೆ ಒಂದೇ ಶ್ರುತಿಯಲ್ಲಿ ಎಳೆದೆಳೆದು ಬೊಗಳುವ ದನಿ. ನಡುನಡುವೆ ನಿಲ್ಲಿಸಿ ಕಾಯುತ್ತಿತ್ತು. ಉತ್ತರ ಬರಲಿಲ್ಲವೆಂದು ಮತ್ತೆ ಆರಂಭಿಸುತ್ತಿತ್ತು. ಪೂರ್ತಿ ಕೇಳಲು ನಮ್ಮಿಂದಾಗಲಿಲ್ಲ. ಕಾಕು ಏಳು ತಿಂಗಳು ಕೇಳಿದ್ದರು.

ನಾಯಿ ಮನುಷ್ಯನ ಜೊತೆ ಕನಿಷ್ಠ 14,000 ವರ್ಷಗಳಿಂದ ಬಾಳುತ್ತ ಬಂದಿದೆ. ಅದರ ಬಂಧುವಾದ ತೋಳ ದೊಡ್ಡದಾದ ಮೇಲೆ ಬೊಗಳುವುದು ಅಪರೂಪ. ಮನುಷ್ಯರ ನಡುವೆ ಬೆಳೆದ ನಾಯಿಯಲ್ಲಿ ಮಾತ್ರ ಆ ದನಿ ಇಷ್ಟು ಬಗೆಬಗೆಯಾಗಿ ಬೆಳೆದಿದೆ. ಹಂಗೇರಿಯ ಸಂಶೋಧಕರು ಮುದ್ರಿಸಿದ ಬೊಗಳಿಕೆಗಳನ್ನು ಜನರಿಗೆ ಕೇಳಿಸಿ ನೋಡಿದ್ದಾರೆ. ಇದು ಅಪರಿಚಿತರನ್ನು ಕಂಡದ್ದಕ್ಕೋ, ಆಟಕ್ಕೋ, ಒಂಟಿಯಾಗಿ ಉಳಿದದ್ದಕ್ಕೋ ಎಂದು ಊಹಿಸುವುದರಲ್ಲಿ ನಾಯಿ ಸಾಕಿದವರೂ ಸಾಕದವರೂ ಹೆಚ್ಚುಕಡಿಮೆ ಸಮಾನರಾಗಿದ್ದರಂತೆ. ನಾಯಿ ಸಾಕದ ಕಾಕುವಿಗೆ ಅಳು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಊರಿನ ಹಿರಿಯರಿಗೂ ತಿಳಿಯುತ್ತಿದ್ದುದು ಹೀಗೆಯೇ.

ಕನ್ನಡಿಗರಾದ ನಾವು ಆತಕೂರಿನ ಶಾಸನವನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಕ್ರಿ.ಶ. 949-50ರ ಸುಮಾರಿಗೆ, ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನು ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಹಂದಿಯೊಡನೆ ಹೋರಾಡಿ ಸತ್ತ ಆ ನಾಯಿಗಾಗಿ ಕಲ್ಲು ನಿಲ್ಲಿಸಿದರು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿಗೆ ಕಾಡಿತ್ತು, ಕೆಲಸವಿತ್ತು, ಜೊತೆಗೆ ಓಡುವ ಒಡೆಯನಿದ್ದ. ಬೊಗ್ಗನಿಗೆ ಇದ್ದದ್ದು ಐನೂರು ಚದರಡಿ, ಮುಚ್ಚಿದ ಬಾಗಿಲು ಮತ್ತು ಹತ್ತು ಗಂಟೆ. ನಾಯಿಯನ್ನು ಪ್ರೀತಿಸುತ್ತೇವೆ ಎನ್ನುವವರು ಮೊದಲು ಈ ಲೆಕ್ಕವನ್ನು ಒಪ್ಪಿಸಬೇಕು.

ಏನು ಮಾಡಿದೆವೆಂಬುದನ್ನು ಚಿಕ್ಕದಾಗಿ ಹೇಳುತ್ತೇವೆ. ಇದೇ ಪಾಡಿನಲ್ಲಿರುವವರಿಗೆ ಉಪಯೋಗವಾದೀತು. ಮೊದಲು ಪಶುವೈದ್ಯರಲ್ಲಿಗೆ ಕರೆದೊಯ್ದೆವು. ನೋವು, ಕಿವಿಯ ಬೇನೆ ಇದ್ದರೂ ನಾಯಿ ಬೊಗಳುವುದುಂಟು. ಅದೇನೂ ಇಲ್ಲ, ಅಗಲಿಕೆಯ ಅಂಜಿಕೆ ಎಂದರು. ಬೆಳಗಿನ ಹತ್ತು ನಿಮಿಷದ ಶಾಸ್ತ್ರವನ್ನು ಬಿಟ್ಟು ಮುಕ್ಕಾಲು ಗಂಟೆ ನಡೆಸತೊಡಗಿದೆವು. ಮೂಸಬೇಕೆಂದ ಕಡೆ ನಿಲ್ಲಲು ಬಿಟ್ಟೆವು. ರಜಾದಿನಗಳಲ್ಲಿ ಚಪ್ಪಲಿ ಮೆಟ್ಟಿ, ಬೀಗದ ಕೈ ಹಿಡಿದು, ಎಲ್ಲಿಗೂ ಹೋಗದೆ ಮತ್ತೆ ಕುಳಿತೆವು. ಆಮೇಲೆ ಒಂದು ನಿಮಿಷ ಹೊರಗೆ, ಎರಡು ನಿಮಿಷ, ಐದು ನಿಮಿಷ. ಅಳು ಶುರುವಾಗುವ ಮೊದಲೇ ಹಿಂದಿರುಗುವುದು ಇದರ ಗುಟ್ಟು. ಅದರ ಹಾಸಿಗೆಯನ್ನು ಮುಂಬಾಗಿಲಿನಿಂದ ಒಳಕೋಣೆಗೆ ಸರಿಸಿದೆವು. ಮನುಷ್ಯನ ಕಿವಿಗೆ ನಿಲುಕದ ಸದ್ದುಗಳೂ ಅದಕ್ಕೆ ಕೇಳಿಸುವಾಗ, ಲಿಫ್ಟಿನ ಪಕ್ಕದಲ್ಲಿ ಮಲಗಿಸಿ ಸುಮ್ಮನಿರು ಎಂದರೆ ಹೇಗೆ? ಹೊರಡುವಾಗ ಟೊಳ್ಳು ರಬ್ಬರಿನ ಆಟಿಕೆಯೊಳಗೆ ಮೊಸರನ್ನವನ್ನು ಒತ್ತಿ ತುಂಬಿಡುತ್ತೇವೆ. ಮಧ್ಯಾಹ್ನ ಕೆಳಮಾಳಿಗೆಯ ಕಾಲೇಜು ಹುಡುಗನೊಬ್ಬ ಬಂದು ಅರ್ಧ ಗಂಟೆ ಸುತ್ತಾಡಿಸುತ್ತಾನೆ. ಅದಕ್ಕೆ ಸಂಬಳ ಕೊಡುತ್ತೇವೆ. ವಿದ್ಯುತ್ತಿನ ಆಘಾತ ಕೊಡುವ ಕೊರಳಪಟ್ಟಿಯನ್ನು ಕೆಲವರು ಸೂಚಿಸಿದರು. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕುವ ಉಪಾಯವದು, ಬೇಡವೆಂದೆವು.

ಫಲ ಒಂದೇ ದಿನಕ್ಕೆ ಬರಲಿಲ್ಲ, ನಾಲ್ಕೈದು ತಿಂಗಳು ಹಿಡಿಯಿತು. ಆ ಅವಧಿಯನ್ನು ಕಾಕು ಸಹಿಸಿದರು. ಏಕೆಂದರೆ ಏನು ನಡೆಯುತ್ತಿದೆಯೆಂದು ಅವರಿಗೆ ತಿಳಿದಿತ್ತು. ಗೊತ್ತಿಲ್ಲದ ಸದ್ದು ಹತ್ತು ನಿಮಿಷವಾದರೂ ತಲೆ ಸಿಡಿಸುತ್ತದೆ. ಯಾರೋ ಅದಕ್ಕಾಗಿ ದುಡಿಯುತ್ತಿದ್ದಾರೆ ಎಂದು ತಿಳಿದಾಗ ಅದೇ ಸದ್ದನ್ನು ತಾಳಿಕೊಳ್ಳಲು ಒಂದಿಷ್ಟು ಬಲ ಬರುತ್ತದೆ.

ಮಹಾಭಾರತದ ಕಥೆ ನಾಯಿಯೊಂದು ಧರ್ಮರಾಯನ ಹಿಂದೆ ನಡೆಯುವುದರೊಂದಿಗೆ ಕೊನೆಗೊಳ್ಳುತ್ತದೆಂದು ಎಲ್ಲರಿಗೂ ನೆನಪಿರುತ್ತದೆ. ಆದಿಪರ್ವದ ಮೊದಲಲ್ಲೇ ಒಂದು ನಾಯಿಯ ದೂರು ಬರುವುದನ್ನು ಮರೆಯುತ್ತೇವೆ. ಜನಮೇಜಯನ ಯಾಗಶಾಲೆಗೆ ಬಂದ ಮರಿಯೊಂದನ್ನು ಅವನ ತಮ್ಮಂದಿರು ಹೊಡೆದಟ್ಟುತ್ತಾರೆ. ಅದು ಹವಿಸ್ಸನ್ನು ಮುಟ್ಟಿರಲಿಲ್ಲ. ತಾಯಿ ಸರಮೆ ಬಂದು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಯಾರೂ ಉತ್ತರ ಕೊಡುವುದಿಲ್ಲ. ಆಮೇಲೆ ಅವಳು ಶಾಪ ಕೊಡುತ್ತಾಳೆ. ಶಾಪಕ್ಕೆ ಮೊದಲು ಒಂದು ಪ್ರಶ್ನೆಯಿತ್ತು, ಪ್ರಶ್ನೆಯ ನಂತರ ಒಂದು ಮೌನವಿತ್ತು ಎಂಬುದನ್ನು ಗಮನಿಸಬೇಕು. ಸೊಸೈಟಿಗಳಲ್ಲಿ ನಡೆಯುವ ನಾಯಿಜಗಳಗಳೆಲ್ಲ ಈ ಕ್ರಮದವೇ. ಬಾಗಿಲು ತಟ್ಟಿದವರಿಗೆ ಉತ್ತರ ಸಿಗದಾಗ ಕಮಿಟಿಯ ಪತ್ರ ಬರುತ್ತದೆ. ಪತ್ರಕ್ಕೆ ಉತ್ತರವಾಗಿ ಕಾನೂನಿನ ಪ್ರತಿ ಹೋಗುತ್ತದೆ. ಕೆಲವೆಡೆ ಅದು ಪೊಲೀಸ್ ಠಾಣೆಯವರೆಗೂ, ಇನ್ನು ಕೆಲವೆಡೆ ವಿಷ ಬೆರೆಸಿದ ಅನ್ನದವರೆಗೂ ಹೋಗುತ್ತದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಮೊದಲು ನೆರೆಯ ಬಾಗಿಲಿಗೆ ಹೋಗಬೇಕಾದವರು ನಾಯಿ ಸಾಕಿದವರು, ದೂರು ಬರುವ ಮೊದಲೇ. “ನಾವಿಲ್ಲದಾಗ ಇದು ಹೇಗಿರುತ್ತದೆ?” ಎಂದು ಕೇಳಬೇಕು, ಫೋನ್ ನಂಬರು ಕೊಟ್ಟು ಬರಬೇಕು. ಭಾಷೆ ಬಾರದೆಂಬ ಸಂಕೋಚ ಇಲ್ಲಿ ಸಲ್ಲದು. ನಮ್ಮ ಮುರುಕು ಮರಾಠಿಯಲ್ಲಿ ಆ ಪ್ರಶ್ನೆಯನ್ನು ಏಳು ತಿಂಗಳ ಮೊದಲೇ ಕೇಳಬಹುದಾಗಿತ್ತು. ಕಮಿಟಿಯವರು ಪತ್ರ ಬರೆಯುವ ಮೊದಲು ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಬೇಕು. ತೊಂದರೆಗೆ ಒಳಗಾದವರು ಗಂಟೆಗಳನ್ನು ಬರೆದಿಡಲಿ. ಅದು ಬೈಗುಳಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಹತ್ತು ಗಂಟೆ ಮನೆಗೆ ಬೀಗ ಹಾಕುವವರು, ಬದಲಿ ಏರ್ಪಾಡು ಮಾಡಲು ಆಗದಿದ್ದರೆ, ನಾಯಿಯನ್ನು ತರಲೇಬಾರದು. ಈ ಕೊನೆಯ ಮಾತನ್ನು ನಾವು ನಮಗೇ ಹೇಳಿಕೊಳ್ಳುತ್ತಿದ್ದೇವೆ; ತಂದ ಮೇಲೆ ಕಲಿತವರು ನಾವು.

ಬೊಗ್ಗ ಈಗಲೂ ಒಮ್ಮೊಮ್ಮೆ ಬೊಗಳುತ್ತದೆ. ಕಾಕುವಿನ ಯಜಮಾನರಿಗೆ ಕಳೆದುಹೋದ ಆ ಏಳು ತಿಂಗಳ ಮಧ್ಯಾಹ್ನಗಳನ್ನು ನಾವು ಹಿಂದಿರುಗಿಸಲಾರೆವು. ಕ್ಷಮೆ ಕೇಳಿದಾಗ ಕಾಕು ಏನೂ ಹೇಳಲಿಲ್ಲ, ಚಹಾ ಕೊಟ್ಟರು. ಪ್ರತಿ ತಿಂಗಳ ಕೊನೆಗೆ ನಾವೇ ಹೋಗಿ ಅವರ ಕ್ಯಾಲೆಂಡರನ್ನು ನೋಡಿ ಬರುತ್ತೇವೆ. ಕಳೆದ ತಿಂಗಳು ಅದರಲ್ಲಿ ನಾಲ್ಕು ಪೆನ್ಸಿಲ್ ಗುರುತುಗಳಿದ್ದವು.