ಬೀಗದ ಕೈ ಯಾರ ಬಳಿ?

ಇಪ್ಪತ್ತು ವರ್ಷಗಳ ಹಿಂದೆ, ನಾನಿನ್ನೂ ಅಧ್ಯಾಪಕನಾಗಿದ್ದ ಕಾಲದಲ್ಲಿ, ನನ್ನ ಪ್ರಬಂಧಗಳನ್ನೆಲ್ಲ ಗಣಕಯಂತ್ರದಲ್ಲಿ ಬೆರಳಚ್ಚು ಮಾಡಿ ಇಟ್ಟುಕೊಂಡಿದ್ದೆ. ಅದಕ್ಕೆಂದು ಹಣ ತೆತ್ತು ಕೊಂಡ ಕನ್ನಡ ತಂತ್ರಾಂಶವೊಂದಿತ್ತು. ಕೆಲವು ವರ್ಷಗಳಲ್ಲಿ ಆ ಯಂತ್ರ ಕೆಟ್ಟಿತು. ಹೊಸ ಯಂತ್ರದಲ್ಲಿ ಆ ತಂತ್ರಾಂಶ ನಡೆಯಲೊಲ್ಲದು. ತಯಾರಿಸಿದವರು ಆ ವೇಳೆಗೆ ತಮ್ಮ ವ್ಯವಹಾರವನ್ನೇ ನಿಲ್ಲಿಸಿದ್ದರು. ಕಡತವನ್ನು ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ! ಬರೆದವನು ನಾನು, ಬೀಗದ ಕೈ ಮಾತ್ರ ಬೇರೆ ಯಾರದೋ ಬಳಿ ಉಳಿದುಬಿಟ್ಟಿತ್ತು.

ಮನೆ ಕಟ್ಟುವವನು ಪ್ರತಿಯೊಂದು ದಾರಂದವನ್ನೂ ಕಿಟಕಿಯನ್ನೂ ತಾನೇ ಕೆತ್ತುತ್ತ ಕೂರುವುದಿಲ್ಲ. ಸಿದ್ಧವಾದುದನ್ನು ತಂದು ಕೂಡಿಸುತ್ತಾನೆ. ತಂತ್ರಾಂಶ ರಚಿಸುವವರೂ ಹಾಗೆಯೇ. ಪರದೆಯ ಮೇಲಿನ ಕಿಟಕಿ, ಗುಂಡಿ, ಅಕ್ಷರಗಳ ಸಾಲು, ಇವುಗಳನ್ನು ಸಿದ್ಧರೂಪದಲ್ಲಿ ಒದಗಿಸುವ ಸಾಮಗ್ರಿಗೆ ‘ಚೌಕಟ್ಟು’ ಎಂದು ಹೆಸರು. ಒಮ್ಮೆ ಬರೆದುದು ಲಿನಕ್ಸ್, ವಿಂಡೋಸ್, ಆಂಡ್ರಾಯ್ಡ್ ಎಲ್ಲದರಲ್ಲಿಯೂ ನಡೆಯುವಂತೆ ಮಾಡುವ ಚೌಕಟ್ಟುಗಳೂ ಇವೆ. ಅವುಗಳ ಒಳರಚನೆಯನ್ನು ಯಾರು ಬೇಕಾದರೂ ಓದಿ, ತಿದ್ದಿ, ಹಂಚಿಕೊಳ್ಳಬಹುದಾದರೆ ಅವು ಮುಕ್ತ ಚೌಕಟ್ಟುಗಳು. ಇವುಗಳ ಭವಿಷ್ಯವೇನು ಎಂಬುದು ಯಂತ್ರಜ್ಞರಿಗೆ ಮಾತ್ರ ಬಿಟ್ಟ ಪ್ರಶ್ನೆಯಲ್ಲವೆಂದು ನನ್ನ ಅಭಿಪ್ರಾಯ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಲೋಕದ ಮುಂದಿಟ್ಟನಷ್ಟೆ. ಅದಕ್ಕೊಂದು ಅಂದವಾದ ಮುಖ ಬೇಕಾಗಿತ್ತು. 1996ರಲ್ಲಿ ಜರ್ಮನಿಯ ಮಥಿಯಾಸ್ ಎಟ್ರಿಚ್ ಕೆಡಿಇ ಎಂಬ ಯೋಜನೆಯನ್ನು ಆರಂಭಿಸಿ, ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ‘ಕ್ಯೂಟ್’ ಎಂಬ ಚೌಕಟ್ಟನ್ನು ಆರಿಸಿಕೊಂಡನು. ಚೌಕಟ್ಟೇನೋ ಸೊಗಸಾಗಿತ್ತು, ಅದರ ಪರವಾನಗಿ ಪೂರ್ಣ ಮುಕ್ತವಾಗಿರಲಿಲ್ಲ. ಅನ್ಯರ ಜಮೀನಿನಲ್ಲಿ ಊರ ಚಾವಡಿ ಕಟ್ಟಿದಂತಾಯಿತೆಂದು ಹಲವರು ಆಕ್ಷೇಪಿಸಿದರು. 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆದೆರಿಕೊ ಮೆನಾ ಎಂಬ ತರುಣರು, ಜಿಟಿಕೆ ಎಂಬ ಮುಕ್ತ ಚೌಕಟ್ಟನ್ನು ನೆಚ್ಚಿ, ಗ್ನೋಮ್ ಎಂಬ ಬೇರೊಂದು ಯೋಜನೆಯನ್ನೇ ಹೂಡಿದರು. ಒಂದೇ ಕೆಲಸಕ್ಕೆ ಎರಡು ಪಾಳೆಯಗಳು! ಶ್ರಮ ವ್ಯರ್ಥವಾಯಿತೆಂದು ಮರುಗುವವರಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಎದುರಾಳಿಯಿದ್ದುದರಿಂದಲೇ ಕ್ಯೂಟ್‌ನ ಒಡೆಯರು ಸಡಿಲಗೊಂಡರು. 2000ದಲ್ಲಿ ಲಿನಕ್ಸಿಗಾಗಿ ಅದನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು.

ಇದಕ್ಕಿಂತಲೂ ದೂರದೃಷ್ಟಿಯ ಕೆಲಸ 1998ರಲ್ಲಿಯೇ ನಡೆದಿತ್ತು. ಕೆಡಿಇಯವರೂ ಕಂಪನಿಯವರೂ ಕೂಡಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ ಕರಾರು ಬರೆದುಕೊಂಡರು. ಕಂಪನಿಯು ಹನ್ನೆರಡು ತಿಂಗಳವರೆಗೆ ಮುಕ್ತ ಆವೃತ್ತಿಯನ್ನು ಹೊರಡಿಸದೆ ಹೋದರೆ, ಪ್ರತಿಷ್ಠಾನವೇ ಕ್ಯೂಟನ್ನು ಇನ್ನೂ ಉದಾರವಾದ ಪರವಾನಗಿಯಲ್ಲಿ ಲೋಕಕ್ಕೆ ಬಿಡಬಹುದು. ಮುಂದೆ ಒಡೆತನವು ಕೈಯಿಂದ ಕೈಗೆ ಹೋಯಿತು. 2008ರಲ್ಲಿ ನೋಕಿಯಾ ಕೊಂಡಿತು. 2011ರಲ್ಲಿ ಅದೇ ನೋಕಿಯಾ ತನ್ನ ದೂರವಾಣಿಗಳಿಗೆ ಮೈಕ್ರೋಸಾಫ್ಟಿನ ವ್ಯವಸ್ಥೆಯನ್ನು ಒಪ್ಪಿಕೊಂಡಿತು. 2012ರಲ್ಲಿ ಕ್ಯೂಟ್ ಡಿಜಿಯಾ ಎಂಬ ಕಂಪನಿಯ ಪಾಲಾಯಿತು. ಇಷ್ಟು ಒಡೆಯರು ಬದಲಾದರೂ ಕರಾರು ಉಳಿಯಿತು. 2020ರಲ್ಲಿ, ದೀರ್ಘಕಾಲದ ದುರಸ್ತಿಯ ಆವೃತ್ತಿಗಳು ಹಣ ಕೊಟ್ಟವರಿಗೆ ಮಾತ್ರವೆಂದು ಕಂಪನಿ ಸಾರಿದಾಗ ಮತ್ತೆ ಆತಂಕವಾಯಿತು. ಕೆಡಿಇಯವರು ಹಳೆಯ ಆವೃತ್ತಿಗೆ ಬೇಕಾದ ತಿದ್ದುಪಡಿಗಳನ್ನು ತಾವೇ ಕೂಡಿಹಾಕಿ ಕೆಲಸ ನಡೆಸಿದರು. ಒಳರಚನೆ ಕೈಯಲ್ಲಿಲ್ಲದಿದ್ದರೆ ಅದು ಸಾಧ್ಯವಾಗುತ್ತಿತ್ತೆ?

ಕಂಪನಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. ನೂರಾರು ಜನ ವರ್ಷಗಟ್ಟಲೆ ದುಡಿಯಬೇಕಾದ ಕಾರ್ಯಕ್ಕೆ ಸಂಬಳ ಕೊಡುವವರೂ ಬೇಕಷ್ಟೆ. ಆದರೆ ಬರಿಯ ಸದ್ಭಾವನೆಯನ್ನು ನೆಚ್ಚಬಾರದು. ಬರೆದ ಕರಾರು ಬೇಕು.

ಇಂದಿನ ತೊಡಕು ಬೇರೊಂದು ಬಗೆಯದು. ಎಲೆಕ್ಟ್ರಾನ್ ಎಂಬ ಚೌಕಟ್ಟು ಬಹಳ ಜನಪ್ರಿಯವಾಗಿದೆ. ಅದೂ ಮುಕ್ತವೇ, ಆದರೆ ಪ್ರತಿಯೊಂದು ತಂತ್ರಾಂಶದೊಳಗೂ ಒಂದು ಇಡೀ ಜಾಲವೀಕ್ಷಕವನ್ನು ತುಂಬಿ ಕಳುಹಿಸುತ್ತದೆ. ಒಂದು ಲೋಟ ನೀರಿಗೆ ಬಾವಿಯನ್ನೇ ಹೊತ್ತು ತಂದ ಹಾಗೆ! ರಚಿಸುವವನಿಗೆ ಸುಲಭ; ಹಳ್ಳಿಯ ಶಾಲೆಯ ಹಳೆಯ ಯಂತ್ರ ಮಾತ್ರ ಏದುಸಿರು ಬಿಡುತ್ತದೆ. ಇದಕ್ಕೆ ಪ್ರತಿಯಾಗಿ ‘ಜಿಕಾಂಪ್ರಿ’ ಎಂಬ ಮಕ್ಕಳ ಕಲಿಕೆಯ ತಂತ್ರಾಂಶವನ್ನು ನೋಡಿರಿ. 2000ದಲ್ಲಿ ಫ್ರಾನ್ಸಿನ ಬ್ರೂನೊ ಕೂದೋಯಿನ್ ಅದನ್ನು ಜಿಟಿಕೆಯಲ್ಲಿ ಆರಂಭಿಸಿದನು. 2014ರಲ್ಲಿ, ಆಂಡ್ರಾಯ್ಡ್ ಫಲಕಗಳಲ್ಲಿಯೂ ನಡೆಯಲೆಂದು ಅದನ್ನು ಕ್ಯೂಟ್‌ಗೆ ತಿರುಗಿಸಿ ಬರೆಯುವ ಕಾರ್ಯಕ್ಕೆ ಕೈಹಾಕಿದರು. ದಾರಂದ ಬದಲಾದರೂ ಮನೆ ಉಳಿಯಿತು. ನನ್ನ ಪ್ರಬಂಧಗಳಿಗೆ ಈ ಭಾಗ್ಯ ದೊರೆಯಲಿಲ್ಲ.

ಕನ್ನಡಕ್ಕೂ ಇದಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ‘ರಾಷ್ಟ್ರ’ ಎಂದು ಬರೆಯುವಾಗ ಷಕಾರದ ಕೆಳಗೆ ಟಕಾರವೂ ರಕಾರವೂ ತಮ್ಮ ತಮ್ಮ ಸ್ಥಾನದಲ್ಲಿ ಒತ್ತಾಗಿ ನಿಲ್ಲಬೇಕು. ರೋಮನ್ ಲಿಪಿಗೆ ಈ ಕಷ್ಟವಿಲ್ಲ. ಪರದೆಯ ಮೇಲೆ ಈ ಜೋಡಣೆಯನ್ನು ಮಾಡುವ ಭಾಗವೊಂದನ್ನು ಕ್ಯೂಟ್‌ನವರು ಒಂದು ಬಗೆಯಲ್ಲಿ, ಜಿಟಿಕೆಯ ಕಡೆಯವರು ಇನ್ನೊಂದು ಬಗೆಯಲ್ಲಿ ಬೆಳೆಸುತ್ತಿದ್ದರು. ಪಾಳೆಯಗಳೆರಡಾದರೂ ಮುಕ್ತವಾಗಿದ್ದುದರಿಂದ ಆ ಎರಡನ್ನೂ ಕೂಡಿಸಿ ಒಂದೇ ಸಾಧನವನ್ನಾಗಿ ಮಾಡಲು ಸಾಧ್ಯವಾಯಿತು. ಅದರ ಹೆಸರು ಹಾರ್ಫ್‌ಬಜ್. ಇಂದು ಲಿನಕ್ಸಿನಲ್ಲಿ ಮಾತ್ರವಲ್ಲ, ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ನಮ್ಮ ಒತ್ತಕ್ಷರಗಳನ್ನು ಕೂಡಿಸುವುದು ಅದೇ. ಪಾರಸಿ ಭಾಷೆಯಲ್ಲಿ ‘ಹರ್ಫ್’ ಎಂದರೆ ಅಕ್ಷರ, ‘ಬಾಜ್’ ಎಂದರೆ ತೆರೆದದ್ದು. ಆ ಹೆಸರಿನ ಮೂಲ ಇದೇ.