ಕೂಸಿನ ಬೆಲ್ಟ್ ಬಿಚ್ಚಬೇಡ್ರಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಅವ್ವಂದಿರೇ, ಆಯಿಗಳೇ, ಮಗಳ ಬಾಣಂತನದ ಭಾರ ಹೊತ್ತವರೇ,

ನಿಮ್ಮ ಮೊಮ್ಮಗಳಿಗೆ ಡಾಕ್ಟರು ಹೆಗಲಿನಿಂದ ಪಾದದವರೆಗೆ ಪಟ್ಟಿಗಳಿರುವ ಬೆಲ್ಟ್ ಹಾಕಿ ಕಳಿಸಿದರೆ, ಅವರು ಹೇಳದೆ ಅದನ್ನು ಬಿಚ್ಚಬೇಡಿ. ಎರೆಯುವುದಕ್ಕೂ ಬೇಡ, ಕೂಸನ್ನು ನೋಡಲು ಬಂದ ಬೀಗರು ಏನಂದಾರು ಎಂಬ ಅಂಜಿಕೆಗೂ ಬೇಡ. ನಾನು ಕೇಳಿಕೊಳ್ಳುವುದು ಇಷ್ಟೇ. ಮುಂದೆ ಬರೆದಿರುವುದು ಅದರ ಕಾರಣ.

ತೊಡೆ ಎಲುಬಿನ ಮೇಲ್ತುದಿಯ ಗುಂಡು ಸೊಂಟದ ಕುಳಿಯಲ್ಲಿ ಕೂತಿರಬೇಕು. ಹುಟ್ಟಿದಾಗ ಈ ಭಾಗ ಬಹುಮಟ್ಟಿಗೆ ಮೆತ್ತನೆಯದು. ಗುಂಡು ಒಳಗೇ ಕೂತು ಆಡುತ್ತಿದ್ದರೆ ಕುಳಿ ಆಳವಾಗಿ ಬೆಳೆಯುತ್ತದೆ, ಜಾರಿ ಹೊರಗಿದ್ದರೆ ಚಪ್ಪಟೆಯಾಗಿ ಉಳಿಯುತ್ತದೆ. ಸಾವಿರ ಕೂಸುಗಳಲ್ಲಿ ಒಂದೆರಡಕ್ಕೆ ಕೀಲು ಪೂರ್ತಿ ಜಾರಿರುತ್ತದೆ ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಬರೀ ಸಡಿಲವಾದ ಕೀಲುಗಳು ಇದಕ್ಕಿಂತ ಹೆಚ್ಚು, ಅವುಗಳಲ್ಲಿ ಹಲವು ಮೊದಲ ಕೆಲವು ವಾರಗಳಲ್ಲೇ ತಾವಾಗಿ ಬಿಗಿಯುತ್ತವೆ. ಮೋಸದ ಸಂಗತಿ ಏನೆಂದರೆ ಇದು ನೋಯುವುದಿಲ್ಲ. ಕೂಸು ಅಳುವುದಿಲ್ಲ, ಹಾಲು ಬಿಡುವುದಿಲ್ಲ. ಹೆಜ್ಜೆ ಇಡತೊಡಗಿ ಕುಂಟಿದಾಗಲೇ ಮನೆಯವರ ಕಣ್ಣಿಗೆ ಬೀಳುತ್ತದೆ.

ಈ ಬೆಲ್ಟನ್ನು 1940ರ ದಶಕದಲ್ಲಿ ರೂಪಿಸಿದವರು ಚೆಕ್ ದೇಶದ ಮೂಳೆ ವೈದ್ಯ ಆರ್ನೋಲ್ಡ್ ಪಾವ್ಲಿಕ್. ಅದಕ್ಕೆ ಮುಂಚೆ ಕಾಲುಗಳನ್ನು ಒತ್ತಾಯದಿಂದ ಅಗಲಿಸಿ ಅಲ್ಲಾಡದಂತೆ ಬಿಗಿಯುತ್ತಿದ್ದರು. ಎಷ್ಟೋ ಸಲ ಗುಂಡಿಗೆ ರಕ್ತ ಸಾಗದೆ ಎಲುಬೇ ಕೆಡುತ್ತಿತ್ತು. ಪಾವ್ಲಿಕ್ ಅವರು ಮೊಣಕಾಲು ಮಡಚಿ ತೊಡೆ ಅಗಲಿಸಿದ ಭಂಗಿಯಲ್ಲಿ ಕೂಸನ್ನು ಒದೆಯಲು ಬಿಟ್ಟರು. ಆ ಒದೆತವೇ ಚಿಕಿತ್ಸೆ. ಆರು ತಿಂಗಳೊಳಗೆ ಶುರುವಾದರೆ, ಹೆಚ್ಚಾಗಿ 6ರಿಂದ 12 ವಾರ ಹಗಲೂ ರಾತ್ರಿ ಹಾಕಿದರೆ, ಬಹುಪಾಲು ಕೂಸುಗಳಿಗೆ ಅಷ್ಟೇ ಸಾಕಾಗುತ್ತದೆ. ಆರು ತಿಂಗಳು ದಾಟಿದ ಮೇಲೆ ಬೆಲ್ಟ್ ಅಷ್ಟಾಗಿ ಹಿಡಿಯುವುದಿಲ್ಲ. ಆಗ ಅರಿವಳಿಕೆ ಕೊಟ್ಟು ಕೀಲು ಕೂರಿಸಿ, ಹೊಟ್ಟೆಯಿಂದ ಕಾಲಿನವರೆಗೆ ಪ್ಲಾಸ್ಟರ್ ಹಾಕಬೇಕು. ನಡೆಯತೊಡಗಿದ ಮಗುವಿಗೆ ಹೆಚ್ಚಾಗಿ ಆಪರೇಷನ್ನೇ ಗತಿ.

ಈ ತೊಂದರೆ ಹೆಚ್ಚಾಗಿ ಕಾಣುವುದು ಹೆಣ್ಣುಕೂಸುಗಳಲ್ಲಿ, ಚೊಚ್ಚಲ ಕೂಸುಗಳಲ್ಲಿ, ಹೊಟ್ಟೆಯಲ್ಲಿ ತಲೆ ಮೇಲಾಗಿ ಕೂತಿದ್ದ ಕೂಸುಗಳಲ್ಲಿ (ಸಿಜೇರಿಯನ್ ಆಗಿದ್ದರೂ ಸರಿ) ಮತ್ತು ಮನೆತನದಲ್ಲಿ ಯಾರಿಗಾದರೂ ಇದ್ದಾಗ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ. ಬೆಲ್ಟ್ ಫಲ ಕೊಡುವ ತಿಂಗಳುಗಳೂ ಕೂಸು ನಿಮ್ಮ ಮನೆಯಲ್ಲಿರುವ ತಿಂಗಳುಗಳೂ ಒಂದೇ. ಡಾಕ್ಟರು ಹೇಳುವುದು ಹಸಿ ಬಾಣಂತಿಗೆ, ಮನೆಯಲ್ಲಿ ನಡೆಯುವುದು ನಿಮ್ಮ ಮಾತು. ಅದಕ್ಕೇ ಈ ಪತ್ರ ನಿಮಗೆ.

ಎರೆಯುವ ನಿಮ್ಮ ಕೈಯ ಬಗ್ಗೆ ನನಗೆ ತಕರಾರಿಲ್ಲ. ಎಣ್ಣೆ ಹಚ್ಚಿ, ಕಾಲು ಜಗ್ಗಿ ಸೀದಾ ಮಾಡಿ, ಹಳೆಯ ಸೀರೆಯಲ್ಲಿ ಎರಡೂ ಕಾಲು ಜೋಡಿಸಿ ಬಿಗಿಯಾಗಿ ಸುತ್ತುವುದಕ್ಕೆ ಇದೆ. ಬೆಲ್ಟ್ ಇರಲಿ ಬಿಡಲಿ, ಯಾವ ಕೂಸಿಗೂ ಅದು ಬೇಡ. ಕೈ ಎದೆ ಬೆಚ್ಚಗೆ ಸುತ್ತಿ, ಕಾಲು ಮಡಚಿ ಆಡಲು ಜಾಗ ಬಿಡಿ. ಕಾಲು ಸೊಟ್ಟಗಾದೀತು ಎಂಬ ಹೆದರಿಕೆ ಬೇಡ, ಎಳೆಗೂಸಿನ ಕಾಲು ಮಡಚಿಯೇ ಇರಬೇಕು. ಕತ್ತು ನಿಂತ ಕೂಸನ್ನು ಬಗಲಲ್ಲಿ ಎರಡೂ ಕಡೆ ಕಾಲು ಹಾಕಿಸಿ ಕೂರಿಸಿಕೊಳ್ಳುವ ನಮ್ಮ ರೂಢಿ ಇದೆಯಲ್ಲ, ಕೀಲಿಗೆ ಒಪ್ಪುವ ಭಂಗಿ ಅದೇ. ಜಪಾನಿನಲ್ಲೂ ಕಾಲು ನೀಡಿಸಿ ಸುತ್ತುವ ರೂಢಿ ಇತ್ತು. 1975ರಲ್ಲಿ ಅದನ್ನು ಬಿಡಿಸಲು ದೇಶದುದ್ದಕ್ಕೂ ಪ್ರಚಾರ ಶುರುವಾಯಿತು, ಅಜ್ಜಿಯರಿಗೆ ವಿಶೇಷವಾಗಿ ತಿಳಿಹೇಳಿದರು. ನೂರಕ್ಕೆ ಒಂದಕ್ಕಿಂತ ಹೆಚ್ಚಿದ್ದ ಜಾರಿದ ಕೀಲುಗಳು ಸಾವಿರಕ್ಕೆ ಎರಡರ ಹತ್ತಿರ ಇಳಿದವು.

ಬೆಲ್ಟ್ ಇರುವಾಗ ಎರೆಯುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಪಟ್ಟಿಯ ಕೆಳಗೆ ತೆಳ್ಳನೆಯ ಹತ್ತಿ ಅಂಗಿ, ಕಾಲಿಗೆ ಉದ್ದನೆಯ ಕಾಲುಚೀಲ ಇರಲಿ. ಎಣ್ಣೆ, ಪೌಡರ್ ಬೇಡ. ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕುತ್ತಿಗೆ, ಮೊಣಕಾಲ ಹಿಂದಿನ ಮಡಿಕೆ ದಿನಾ ನೋಡಿ. ಬಟ್ಟೆ ಬದಲಿಸುವಾಗ ಪಾದ ಹಿಡಿದು ಎತ್ತದೆ ಕುಂಡಿಯ ಕೆಳಗೆ ಕೈ ಕೊಟ್ಟು ಎತ್ತಿ. ಒಂದು ಕಾಲು ಒದೆಯುವುದನ್ನು ನಿಲ್ಲಿಸಿದರೆ ಅಂದೇ ಡಾಕ್ಟರ ಹತ್ತಿರ ಹೋಗಿ, ಪಟ್ಟಿ ಬಿಗಿಯಾಗಿ ನರ ಒತ್ತಿರಬಹುದು. ಎಲುಬು ಕೂರಿಸುತ್ತೇನೆ ಎನ್ನುವವರ ಕೈಗೆ ಮಾತ್ರ ಕೊಡಬೇಡಿ.

ಬೆಲ್ಟ್ ಹಾಕದ ಕೂಸುಗಳ ಮನೆಯವರಿಗೂ ಒಂದು ಮಾತು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಗೆ ಹೋದಾಗ ‘ಟೊಂಕದ ಕೀಲೂ ನೋಡ್ರಿ’ ಎಂದು ಬಾಯಿಬಿಟ್ಟು ಕೇಳಿ. ಒಂದು ತೊಡೆ ಇನ್ನೊಂದರಷ್ಟು ಅಗಲದಿದ್ದರೆ, ಒಂದು ಕಾಲು ಗಿಡ್ಡ ಕಂಡರೆ ತಡಮಾಡಬೇಡಿ. ಎರಡೂ ಕಡೆ ಜಾರಿದ್ದರೆ ಈ ವ್ಯತ್ಯಾಸ ಕಾಣುವುದೇ ಇಲ್ಲ, ಆದ್ದರಿಂದ ತಲೆ ಮೇಲಾಗಿದ್ದ ಕೂಸಿಗೆ ಆರು ವಾರದ ಹೊತ್ತಿಗೆ ಸ್ಕ್ಯಾನ್ ಆಗಲಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಈ ತೊಂದರೆಯೂ ಇದೆ. ಅಂದರೆ ತಪಾಸಣೆ ಕೇಳುವುದು ನಿಮ್ಮ ಹಕ್ಕು. ಆಶಾ ಕಾರ್ಯಕರ್ತೆಯರೇ, ಮನೆಭೇಟಿಯಲ್ಲಿ ತೂಕ ನೋಡುವ ಹೊತ್ತಿಗೆ ತೊಡೆಯನ್ನೂ ನೋಡಿ.

ಇನ್ನು ಅಪ್ಪಂದಿರು. ಕೂಸು ಬೆಳೆದಂತೆ ವಾರಕ್ಕೋ ಎರಡು ವಾರಕ್ಕೋ ಪಟ್ಟಿ ಸಡಿಲಿಸಿ ಹೊಂದಿಸಬೇಕಾಗುತ್ತದೆ. ಇಳಕಲ್ಲಿನಿಂದ ಹುನಗುಂದ, ಅಮೀನಗಡ ದಾಟಿ ಬಾಗಲಕೋಟೆಗೆ ಬಸ್ಸಿನಲ್ಲಿ, ಬಾದಾಮಿಯಿಂದ ರೈಲಿನಲ್ಲಿ ಹೋಗಿ ಬರುವುದೆಂದರೆ ಒಂದು ದಿನದ ಪಗಾರ ಹೋಯಿತೆಂದೇ ಅರ್ಥ. ಮಗ್ಗದ ಮನೆಯವರಿಗೆ, ಕಲ್ಲುಗಣಿಯವರಿಗೆ ಅದು ಸಣ್ಣ ಮಾತಲ್ಲ ಎಂದು ಗೊತ್ತು. ಆದರೂ ಆ ಎರಡು-ಮೂರು ತಿಂಗಳು ತಪ್ಪಿಸಬೇಡಿ. ಗೋವಾ, ಮಂಗಳೂರಿಗೆ ದುಡಿಯಲು ಹೋಗುವ ಮುಂಚೆ, ಕೂಸನ್ನು ತವರಿನಿಂದ ಗಂಡನ ಮನೆಗೆ ಕರೆದೊಯ್ಯುವ ಮುಂಚೆ, ಬೆಲ್ಟ್ ಹಾಕಿದ ತಾರೀಖು ಮತ್ತು ಮುಂದೆ ತೋರಿಸಬೇಕಾದ ದಿನವನ್ನು ತಾಯಿ ಕಾರ್ಡಿನಲ್ಲಿ ಡಾಕ್ಟರ ಕೈಯಲ್ಲೇ ಬರೆಸಿಕೊಳ್ಳಿ, ಸ್ಕ್ಯಾನ್ ಕಾಗದ ಜೊತೆಗಿಡಿ. ಹೋದ ಊರಿನ ಆಸ್ಪತ್ರೆಯಲ್ಲಿ ಮೊದಲು ತೋರಿಸಬೇಕಾದದ್ದು ಅವೆರಡನ್ನೇ.