ದೀಪ ಆರಿದಾಗ ಮಾತ್ರ ನೆನಪಾಗುವವನು

ನಾಲ್ಕು ಮಂದಿ ಗೃಹಸ್ಥರು ಸೇರಿದಲ್ಲಿ ತಪ್ಪದೆ ಕೇಳಿಬರುವ ಒಂದು ದೂರು ಉಂಟು. ಊರಿನಲ್ಲಿ ಒಬ್ಬ ಒಳ್ಳೆಯ ಎಲೆಕ್ಟ್ರಿಷಿಯನ್ ಸಿಗುವುದಿಲ್ಲ. ಸಿಕ್ಕವನು ಹೇಳಿದ ದಿನ ಬರುವುದಿಲ್ಲ. ಬಂದವನು ಒಂದು ಸ್ವಿಚ್ಚು ಬದಲಿಸಿದ್ದಕ್ಕೆ ಮುನ್ನೂರು ರೂಪಾಯಿ ಕೇಳುತ್ತಾನೆ. ದೂರುವವರೆಲ್ಲರೂ ಸಜ್ಜನರೇ, ದೂರಿನಲ್ಲಿ ಸತ್ಯಾಂಶವೂ ಇಲ್ಲದಿಲ್ಲ. ಆದರೆ ದೂರಿನ ದಿಕ್ಕು ತಪ್ಪಿದೆ. ಒಂದು ಊರಿಗೆ ಎಂತಹ ಎಲೆಕ್ಟ್ರಿಷಿಯನ್ ದೊರಕುತ್ತಾನೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವವರು ಆ ಊರಿನ ಗೃಹಸ್ಥರೇ. ದೀಪ ಉರಿಯುವಷ್ಟು ದಿನ ಅವನನ್ನು ಮರೆತು, ಆರಿದ ರಾತ್ರಿ ಅವಸರದಿಂದ ಕರೆದು, ಕೆಲಸ ಮುಗಿದ ಮೇಲೆ ಚೌಕಾಸಿ ಮಾಡಿ ಕಳುಹಿಸುವ ಸಮಾಜಕ್ಕೆ ಅದಕ್ಕೆ ತಕ್ಕವನೇ ದೊರಕುತ್ತಾನೆ.

ಮದುವೆಯ ಚಪ್ಪರಕ್ಕೆ ಬಣ್ಣದ ದೀಪಗಳನ್ನು ಕಟ್ಟಿಸುವಾಗ ಬೆಲೆ ಕೇಳದ ಮನೆಯನ್ನೇ ತೆಗೆದುಕೊಳ್ಳಬಹುದು. ಬಚ್ಚಲಿನ ಗೀಸರಿಗೆ ಅರ್ಥಿಂಗ್ ತಂತಿ ಎಳೆಯಬೇಕು, ಗೋಡೆಯನ್ನು ಸ್ವಲ್ಪ ಕೊರೆಯಬೇಕು ಎಂದು ವೈರ್‌ಮನ್ ಹೇಳಿದರೆ ಅದೇ ಮನೆಯ ಯಜಮಾನರು, ‘ಸದ್ಯಕ್ಕೆ ಎರಡು ತಂತಿಯಲ್ಲೇ ನಡೆಸಿಬಿಡು ಮಾರಾಯ’ ಎನ್ನುತ್ತಾರೆ. ಅವನು ಎರಡನೆಯ ಬಾರಿ ಹೇಳುವುದಿಲ್ಲ. ಹೇಳಿದರೆ ಮುಂದಿನ ಕೆಲಸವು ಹೇಳಿದಷ್ಟನ್ನೇ ಮಾಡಿ ಹೋಗುವ ಇನ್ನೊಬ್ಬನ ಪಾಲಾಗುವುದೆಂದು ಅವನು ಬಲ್ಲ. ಹೀಗೆ ತಿಳಿದವನ ಬಾಯಿ ಮುಚ್ಚಿಸಿ ತಿಳಿಯದವನನ್ನು ಬೆಳೆಸುವ ಕಾರ್ಯವು ಮನೆಮನೆಯಲ್ಲಿಯೂ ಸದ್ದಿಲ್ಲದೆ ನಡೆದಿದೆ.

ಎರಡು ತಂತಿಯ ಗೀಸರ್ ನೀರನ್ನೇನೋ ಕಾಯಿಸುತ್ತದೆ. ಅದರೊಳಗಿನ ಸುರುಳಿ ತುಕ್ಕು ಹಿಡಿದು ಒಡೆದ ದಿನ, ನೆಲಕ್ಕೆ ಇಳಿಯಲು ದಾರಿಯಿಲ್ಲದ ವಿದ್ಯುತ್ತು ಅದರ ಲೋಹದ ಮೈಯಲ್ಲಿ, ನಲ್ಲಿಯ ನೀರಿನಲ್ಲಿ ಕಾದು ನಿಲ್ಲುತ್ತದೆ. ಸ್ನಾನಕ್ಕೆ ನಿಂತ ಮನುಷ್ಯನೇ ಅದಕ್ಕೆ ದಾರಿಯಾಗುತ್ತಾನೆ. ಒದ್ದೆ ಮೈಯ ವಿದ್ಯುತ್ ತಡೆಯು ಸುಮಾರು 1,000 ಓಮ್‌ಗೆ ಇಳಿಯಬಹುದು. ಮನೆಯ 230 ವೋಲ್ಟಿನ ವಿದ್ಯುತ್ತು ಅಂತಹ ದೇಹದ ಮೂಲಕ ಹರಿಸುವ ಪ್ರವಾಹ ಕಾಲು ಆಂಪಿಯರಿಗೂ ಕಡಿಮೆ. ಆದರೂ ಹೃದಯದ ಲಯವನ್ನು ಕೆಡಿಸಿ ಪ್ರಾಣ ತೆಗೆಯಲು ಅದು ಬೇಕಾದುದಕ್ಕಿಂತ ಹೆಚ್ಚು. ‘ಎಂ.ಸಿ.ಬಿ. ಹಾಕಿಸಿದ್ದೇವೆ, ಇನ್ನೇನು ಭಯ?’ ಎಂಬ ಮಾತು ಎಲ್ಲೆಲ್ಲಿಯೂ ಕೇಳುತ್ತದೆ. 16 ಆಂಪಿಯರಿನ ಎಂ.ಸಿ.ಬಿ.ಗೆ ಕಾಲು ಆಂಪಿಯರ್ ಲೆಕ್ಕಕ್ಕೇ ಬಾರದು. ಅದು ಕಾಯುವುದು ಗೋಡೆಯೊಳಗಿನ ತಂತಿಯನ್ನು, ಮನುಷ್ಯನನ್ನಲ್ಲ. ಮನುಷ್ಯನನ್ನು ಕಾಯುವ ಸಾಧನ ಬೇರೆ ಇದೆ: ಆರ್.ಸಿ.ಸಿ.ಬಿ. ಹೋದ ವಿದ್ಯುತ್ತಿಗೂ ಹಿಂದಿರುಗಿದ ವಿದ್ಯುತ್ತಿಗೂ 30 ಮಿಲಿಆಂಪಿಯರಿನಷ್ಟು, ಅಂದರೆ ಒಂದು ಆಂಪಿಯರಿನ ನೂರರಲ್ಲಿ ಮೂರು ಪಾಲಿನಷ್ಟು, ವ್ಯತ್ಯಾಸ ಕಂಡರೆ ಅದು ಕ್ಷಣಾರ್ಧದಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಅದರ ಬೆಲೆ ಕೆಲವೇ ಸಾವಿರ ರೂಪಾಯಿ. ಅದು ಸರಿಯಾಗಿದೆಯೇ ಎಂದು ನೋಡಲು ಮುಖದ ಮೇಲೆಯೇ ಒಂದು ಗುಂಡಿ ಇರುತ್ತದೆ. ಆ ಗುಂಡಿಯನ್ನು ಆಗಾಗ ಒತ್ತಿ ನೋಡುವವರು ಎಷ್ಟು ಮಂದಿ?

ವಿದ್ಯುದಾಘಾತದಿಂದ ಭಾರತದಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷವೊಂದಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಜನರು ಸಾಯುತ್ತಿದ್ದಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಅಂಕಿಅಂಶಗಳು ಹೇಳುತ್ತವೆ. ಇವರಲ್ಲಿ ಯಾರನ್ನೂ ಯಾರೂ ದ್ವೇಷದಿಂದ ಕೊಂದುದಲ್ಲ. ಹಿಂಸೆಯ ಮೂಲವನ್ನು ದ್ವೇಷದಲ್ಲಷ್ಟೇ ಅಲ್ಲದೆ ಪ್ರಮಾದದಲ್ಲಿಯೂ ಕಂಡ ಶಾಸ್ತ್ರದ ಪರಂಪರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ನೀರನ್ನು ಸೋಸಿ ಕುಡಿಯುವ ಎಚ್ಚರವು ಅದೇ ನೀರನ್ನು ಮೇಲಕ್ಕೆತ್ತುವ ಪಂಪಿನ ಹರಿದ ತಂತಿಯ ಬಳಿಗೆ ಬರುವಾಗ ಎಲ್ಲಿಗೆ ಹೋಗುತ್ತದೆ ಎಂಬುದೇ ಇಲ್ಲಿನ ಪ್ರಶ್ನೆ.

ಕಾನೂನು ಈ ವಿಷಯದಲ್ಲಿ ಹೊಸದೇನೂ ಅಲ್ಲ. ಪರವಾನಗಿ ಪಡೆದ ಗುತ್ತಿಗೆದಾರನಿಂದ, ಅರ್ಹತಾಪತ್ರವುಳ್ಳವನ ಮೇಲ್ವಿಚಾರಣೆಯಲ್ಲಿ ಮಾತ್ರ ಗ್ರಾಹಕರು ವಿದ್ಯುತ್ ಕೆಲಸ ಮಾಡಿಸತಕ್ಕದ್ದು ಎಂದು 1956ರ ಭಾರತೀಯ ವಿದ್ಯುತ್ ನಿಯಮಗಳೇ ಹೇಳಿದ್ದವು. ಅವುಗಳ ಸ್ಥಾನದಲ್ಲಿ ಬಂದ 2010ರ ಹಾಗೂ 2023ರ ಸುರಕ್ಷತಾ ನಿಯಮಗಳೂ ಆ ಕಟ್ಟಳೆಯನ್ನು ಉಳಿಸಿಕೊಂಡಿವೆ. ಬಲ್ಬು, ಫ್ಯೂಸು, ಸ್ವಿಚ್ಚು, ಫ್ಯಾನುಗಳನ್ನು ಬದಲಿಸುವಂತಹ ಸಣ್ಣ ಕೆಲಸಗಳಿಗೆ ವಿನಾಯಿತಿ ಉಂಟು. ಹೊಸ ತಂತಿ ಎಳೆಯುವುದು, ಗೀಸರಿಗೋ ಹವಾನಿಯಂತ್ರಕಕ್ಕೋ ಹೊಸ ಸಂಪರ್ಕ ಕೊಡುವುದು ಆ ವಿನಾಯಿತಿಗೆ ಸೇರಿದ್ದಲ್ಲ. ಕರ್ನಾಟಕದಲ್ಲಿ ಗುತ್ತಿಗೆದಾರರ ಪರವಾನಗಿಯನ್ನೂ ವೈರ್‌ಮನ್‌ರ ಪರ್ಮಿಟನ್ನೂ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಅಡುಗೆಯವರನ್ನು ಗೊತ್ತುಮಾಡುವಾಗ ಊರು, ಮನೆತನ, ಕೈರುಚಿ ಎಲ್ಲವನ್ನೂ ವಿಚಾರಿಸುವ ಕುಟುಂಬಗಳು, ಮನೆಯ ಗೋಡೆಯೊಳಗೆ ಬೆಂಕಿಯನ್ನು ಹರಿಸುವವನ ಪರ್ಮಿಟನ್ನು ಒಮ್ಮೆಯೂ ಕೇಳುವುದಿಲ್ಲ. ಕೇಳಿದರೆ ಅವನಿಗೆ ಅವಮಾನವೆಂದು ತಿಳಿಯುವವರಿದ್ದಾರೆ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಎರಡು ವರ್ಷ ಕಲಿತು ಪರ್ಮಿಟು ಪಡೆದವನಿಗೆ ಅದು ಅವಮಾನವಲ್ಲ, ಗೌರವ.

ಇನ್ನು ತುರ್ತು ಸಂದರ್ಭಗಳ ವಿಚಾರ. ಮೀಟರಿನವರೆಗಿನ ಹೊಣೆ ವಿದ್ಯುತ್ ಸರಬರಾಜು ಕಂಪೆನಿಯದು; ಕಂಬದಲ್ಲಿ ಕಿಡಿ ಹಾರಿದರೆ, ತಂತಿ ತುಂಡಾಗಿ ಬಿದ್ದರೆ 1912ಕ್ಕೆ ತಿಳಿಸಬೇಕು. ಮೀಟರಿನಿಂದ ಒಳಗಿನದೆಲ್ಲವೂ ಮನೆಯವರ ಹೊಣೆ. ಅಲ್ಲಿ ಸುಟ್ಟ ವಾಸನೆ ಬಂದಾಗ ಮೊದಲು ಆಗಬೇಕಾದುದು ಫೋನು ಹುಡುಕುವುದಲ್ಲ, ಮೈನ್ ಸ್ವಿಚ್ಚನ್ನು ಆರಿಸುವುದು. ಆ ಸ್ವಿಚ್ಚು ಎಲ್ಲಿದೆಯೆಂದು ಮನೆಯ ಸೊಸೆಗೆ, ಮುದುಕರಿಗೆ, ಹತ್ತನೆಯ ತರಗತಿಯ ಹುಡುಗನಿಗೆ ಗೊತ್ತಿಲ್ಲದ ಮನೆಗಳು ಅಸಂಖ್ಯ. ಅದರ ಮುಂದೆ ಅಕ್ಕಿಯ ಮೂಟೆ ಒಟ್ಟಿದ ಮನೆಗಳೂ ಇವೆ. ತಂತಿಗೆ ಸಿಕ್ಕಿಕೊಂಡವನನ್ನು ಬರಿಗೈಯಿಂದ ಎಳೆಯಹೋಗಿ ಎರಡನೆಯವರೂ ಪ್ರಾಣ ಕಳೆದುಕೊಳ್ಳುವುದು ಇಂತಹ ಮನೆಗಳಲ್ಲಿಯೇ.

ಸ್ಥಳೀಯ ಎಲೆಕ್ಟ್ರಿಷಿಯನ್ನನ ಬೆಲೆ ತಿಳಿಯುವುದೂ ಅಂತಹ ರಾತ್ರಿಯಲ್ಲೇ. ನಗರಗಳಲ್ಲಿ ಈಗ ಮೊಬೈಲಿನ ಆ್ಯಪ್ ಮೂಲಕ ಕೆಲಸಗಾರರನ್ನು ಕರೆಸುವ ಪದ್ಧತಿ ಬಂದಿದೆ. ದರ ಮೊದಲೇ ತಿಳಿಯುತ್ತದೆ, ರಸೀದಿ ದೊರಕುತ್ತದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೆ ಹಾಗೆ ಬಂದವನು ಆ ಮನೆಯನ್ನು ಮೊದಲ ಬಾರಿ ನೋಡುತ್ತಾನೆ. ಮುಂದಿನ ಸಲ ಬರುವವನು ಬೇರೊಬ್ಬ. ಯಾವ ಗೋಡೆಯಲ್ಲಿ ಹಳೆಯ ಅಲ್ಯೂಮಿನಿಯಂ ತಂತಿ ಉಳಿದಿದೆ, ಯಾವ ಕೋಣೆಯನ್ನು ಆಮೇಲೆ ಕಟ್ಟಿಸಿ ಹಳೆಯ ಸರ್ಕ್ಯೂಟಿಗೇ ಜೋಡಿಸಲಾಗಿದೆ, ಅರ್ಥಿಂಗ್ ಗುಂಡಿಯನ್ನು ಯಾವ ತೆಂಗಿನ ಬುಡದಲ್ಲಿ ತೋಡಲಾಗಿದೆ ಎಂಬುದರ ನಕ್ಷೆ ಹೆಚ್ಚಿನ ಮನೆಗಳಲ್ಲಿ ಕಾಗದದ ಮೇಲಿಲ್ಲ. ಅದು ಇರುವುದು ಒಬ್ಬ ಮನುಷ್ಯನ ನೆನಪಿನಲ್ಲಿ. ನೂರು ರೂಪಾಯಿ ಉಳಿಸಲೆಂದು ಪ್ರತಿಸಲವೂ ಆಳು ಬದಲಿಸುವವರು ಆ ನಕ್ಷೆಯನ್ನೇ ಹರಿದುಹಾಕುತ್ತಾರೆ. ಕರಾವಳಿಯ ಮುರಕಲ್ಲಿನ ನೆಲದಲ್ಲಿಯಂತೂ ಈ ನೆನಪಿಗೆ ಬೆಲೆ ಹೆಚ್ಚು. ಇದ್ದಿಲು, ಉಪ್ಪು ತುಂಬಿ ಹೂತ ಅರ್ಥಿಂಗ್ ಕೊಳವೆಯ ಸುತ್ತಲಿನ ತೇವ ಬೇಸಿಗೆಯಲ್ಲಿ ಆರಿಹೋಗುತ್ತದೆ. ಸಿಡಿಲು ಮೊದಲುಗೊಳ್ಳುವುದೂ ಆ ಬೇಸಿಗೆಯ ಕೊನೆಯಲ್ಲೇ. ಅಲ್ಲಿಗೆ ನಾಲ್ಕು ಕೊಡ ನೀರು ಹೊಯ್ಯಬೇಕೆಂದು ನೆನಪಿಸುವವನು ಮನೆಯನ್ನು ಬಲ್ಲವನೇ ಹೊರತು ದಾರಿಹೋಕನಲ್ಲ.

ಮನೆಯ ಪ್ರಮಾದವು ಮನೆಯೊಳಗೇ ಉಳಿಯುತ್ತದೆಂದು ತಿಳಿದರೆ ಅದೂ ತಪ್ಪು. ಕರೆಂಟು ಹೋದಾಗ ಜನರೇಟರನ್ನು ಬದಲಿ ಸ್ವಿಚ್ಚಿಲ್ಲದೆ ನೇರವಾಗಿ ಮನೆಯ ತಂತಿಗೆ ಜೋಡಿಸುವ ರೂಢಿ ಹಲವೆಡೆ ಇದೆ. ಉತ್ಸವದ ದಿನಗಳಲ್ಲಿ ಬಸದಿಗಳ ಆವರಣದಲ್ಲಿಯೂ ಇದು ಕಾಣುತ್ತದೆ. ಮೈನನ್ನು ಆರಿಸಲು ಮರೆತರೆ ಆ ವಿದ್ಯುತ್ತು ಮೀಟರನ್ನು ದಾಟಿ ಹಿಮ್ಮುಖವಾಗಿ ಬೀದಿಯ ತಂತಿಗೆ ಹರಿಯುತ್ತದೆ. ಬೀದಿಯ ಕೊನೆಯ ಟ್ರಾನ್ಸ್‌ಫಾರ್ಮರಿಗೆ ದಿಕ್ಕಿನ ವಿವೇಕವಿಲ್ಲ. 11,000 ವೋಲ್ಟನ್ನು ಇಳಿಸಿ ಮನೆಗಳಿಗೆ ಕೊಡುವ ಅದೇ ಯಂತ್ರ ಮನೆಯಿಂದ ಬಂದುದನ್ನು ಅದೇ ಪ್ರಮಾಣದಲ್ಲಿ ಏರಿಸಿ ಕಳುಹಿಸುತ್ತದೆ. ಮಳೆಯಲ್ಲಿ ಕಂಬ ಹತ್ತಿ, ಲೈನು ಬಂದಾಗಿದೆಯೆಂಬ ನಂಬಿಕೆಯಿಂದ ಕೈಯಿಕ್ಕಿದ ಪವರ್‌ಮನ್ನನ ಪ್ರಾಣ ಹೋಗುವುದು ಹೀಗೆ. ಸಾವಿಗೆ ಕಾರಣವಾದ ಮನೆಯವರಿಗೆ ಆ ಸಂಗತಿ ತಿಳಿಯದೆಯೂ ಹೋಗಬಹುದು. ಒಂದು ಬದಲಿ ಸ್ವಿಚ್ಚನ್ನು ಹಾಕಿಸಲು ಎಲೆಕ್ಟ್ರಿಷಿಯನ್ ಹೇಳಿದಾಗ ‘ಎರಡು ದಿನದ ಕೆಲಸಕ್ಕೆ ಅದೆಲ್ಲ ಏಕೆ’ ಎಂದವರಿಗೆ ಇದರಲ್ಲಿ ಪಾಲಿಲ್ಲವೆ?

ಎಲೆಕ್ಟ್ರಿಷಿಯನ್ನನ ಪ್ರಾಣದ ವಿಷಯದಲ್ಲಿಯೂ ಇದೇ ಉದಾಸೀನ. ಟಿ.ವಿ.ಯಲ್ಲಿ ಧಾರಾವಾಹಿ ನಡೆಯುತ್ತಿದೆ, ಫ್ರಿಜ್ಜಿನಲ್ಲಿ ಹಾಲಿದೆ ಎಂಬ ನೆಪದಿಂದ ‘ಮೈನ್ ತೆಗೆಯದೆ ಮಾಡಲಾಗುವುದೋ ನೋಡು’ ಎನ್ನುವವರಿದ್ದಾರೆ. ಏಣಿ ಹಿಡಿಯಲು ಮನೆಯವರು ಏಳುವುದಿಲ್ಲ. ಮೀಸೆ ಚಿಗುರದ ಸಹಾಯಕನೊಬ್ಬ ಹಿಡಿಯುತ್ತಾನೆ. ಮಧ್ಯಾಹ್ನ ಕಳೆದರೂ ಒಂದು ಲೋಟ ಮಜ್ಜಿಗೆ ಹೊರಗೆ ಬರುವುದಿಲ್ಲ. ಹೊರಲಾರದಷ್ಟು ಭಾರ ಹೇರುವುದನ್ನೂ ಅನ್ನಪಾನಗಳನ್ನು ತಡೆಯುವುದನ್ನೂ ಅಹಿಂಸಾಣುವ್ರತದ ಅತಿಚಾರಗಳಲ್ಲಿ ಎಣಿಸಿದವರು ಎತ್ತನ್ನು ಮಾತ್ರ ಕುರಿತು ಹೇಳಿದರೆಂದು ತಿಳಿದಂತಿದೆ. ಒಂದೂವರೆ ಚದರ ಮಿಲಿಮೀಟರಿನ ದೀಪದ ತಂತಿಗೆ ಮೂರು ಕಿಲೋವ್ಯಾಟಿನ ಗೀಸರನ್ನು ಜೋಡಿಸುವುದೂ ಒಂದು ಬಗೆಯ ಅತಿಭಾರಾರೋಪಣವೇ ಎಂದರೆ ನಗೆ ಬರಬಹುದು. ಆದರೆ ಆ ಭಾರಕ್ಕೆ ಬಿಸಿಯಾಗುವ ತಂತಿ ನಗುವುದಿಲ್ಲ.

ಎಲೆಕ್ಟ್ರಿಷಿಯನ್ನರೆಲ್ಲರೂ ನಿರ್ದೋಷಿಗಳೇ ಎಂಬ ಆಕ್ಷೇಪ ಏಳುವುದು ಸಹಜ. ಅಲ್ಲ. ಅಂಗಡಿಯಿಂದ ಕಮಿಷನ್ ಪಡೆದು ನಕಲಿ ತಂತಿಯನ್ನು ಹೆಸರುವಾಸಿ ಕಂಪೆನಿಯದೆಂದು ತಂದುಕೊಡುವವರಿದ್ದಾರೆ. ಫ್ಯೂಸು ಹೋದಲ್ಲಿ ದಪ್ಪ ತಾಮ್ರದ ಎಳೆಯನ್ನು ಸುತ್ತಿ, ‘ಇನ್ನು ಹೋಗುವುದೇ ಇಲ್ಲ’ ಎಂದು ಭರವಸೆ ಕೊಡುವ ಮಹಾನುಭಾವರೂ ಇದ್ದಾರೆ. ಅವರನ್ನು ದೂರವಿಡುವ ಮಾರ್ಗ ಕಷ್ಟದ್ದೇನೂ ಅಲ್ಲ. ಐ.ಎಸ್.ಐ. ಮುದ್ರೆಯ ಸಾಮಾನನ್ನು ಮನೆಯವರೇ ಬಿಲ್ಲು ಪಡೆದು ಕೊಳ್ಳಬೇಕು. ಕೆಲಸದ ಮಜೂರಿಯನ್ನು ಮೊದಲೇ ಮಾತನಾಡಿ ಮುಗಿಸಬೇಕು. ಮಾತನಾಡಿದ ಮೇಲೆ ಅದರಿಂದ ಒಂದು ರೂಪಾಯಿಯನ್ನೂ ಕಡಿಯಬಾರದು. ಸಾಮಾನಿನ ಮೇಲೆ ಕಮಿಷನ್ ಹೊಡೆಯುವ ಚಟ ಹುಟ್ಟಿದುದೇ ಮಜೂರಿಗೆ ಕತ್ತರಿ ಬಿದ್ದಲ್ಲಿ. ಹಳೆಯ ವೈರಿಂಗಿನ ಪರೀಕ್ಷೆಗೆ ಬಂದವನ ಕೈಯಲ್ಲಿ ಬರಿಯ ಟೆಸ್ಟರ್ ಇದ್ದರೆ ಸಾಲದು. 500 ವೋಲ್ಟಿನ ಮೆಗ್ಗರ್ ಇದೆಯೇ ಎಂದು ಕೇಳಬೇಕು. ತಂತಿಯ ಹೊದಿಕೆಯ ತಡೆ ಒಂದು ಮೆಗಾಓಮ್‌ಗಿಂತ ಕೆಳಗಿಳಿದಿದ್ದರೆ ಆ ತಂತಿಯ ಕಾಲ ಮುಗಿಯಿತೆಂದೇ ತಿಳಿಯಬೇಕು. ಮಳೆ ಕೂಡುವ ಮೊದಲು ವರ್ಷಕ್ಕೊಮ್ಮೆ ಅವನನ್ನು ಕರೆದು, ಎಲ್ಲವನ್ನೂ ತೋರಿಸಿ, ಏನೂ ಕೆಡದಿದ್ದರೂ ಒಂದು ದಿನದ ಸಂಬಳ ಕೊಡುವ ಮನೆಗೆ ಅವನು ಜುಲೈ ತಿಂಗಳ ನಡುರಾತ್ರಿ ಬರುತ್ತಾನೆ.

ಬಸದಿಗಳ ಟ್ರಸ್ಟುಗಳ ಹೊಣೆ ಇದಕ್ಕಿಂತ ದೊಡ್ಡದು. ಮನೆಯಲ್ಲಿ ಐವರು ಇದ್ದರೆ ಅಲ್ಲಿ ಐನೂರು ಮಂದಿ ಸೇರುತ್ತಾರೆ. ಮರದ ತೊಲೆ, ಜಂತಿಗಳ ಹಳೆಯ ಮಾಡಿನ ಮೇಲೆ ವರ್ಷ ವರ್ಷವೂ ಹೊಸ ಸೀರಿಯಲ್ ದೀಪಗಳ ತಂತಿ ಏರುತ್ತದೆ, ಹಳೆಯದನ್ನು ಇಳಿಸುವವರಿಲ್ಲ. ಉತ್ಸವಕ್ಕೆ ವಿದ್ಯುತ್ ಕಂಪೆನಿಯಿಂದ ತಾತ್ಕಾಲಿಕ ಸಂಪರ್ಕ ಪಡೆಯುವ ಅವಕಾಶವಿದ್ದರೂ ಕಂಬಕ್ಕೆ ಕೊಕ್ಕೆ ಹಾಕಿಸುವ ಸಮಿತಿಗಳಿಲ್ಲವೆಂದು ಎದೆಮುಟ್ಟಿ ಹೇಳುವವರು ಯಾರು? 2003ರ ವಿದ್ಯುತ್ ಕಾಯ್ದೆಯ 135ನೆಯ ಕಲಮಿನ ಪ್ರಕಾರ ಅದು ಕಳವು. ಕೊಕ್ಕೆ ಹಾಕುವ ಕೈ ಎಲೆಕ್ಟ್ರಿಷಿಯನ್ನನದು, ಪುಣ್ಯ ಮಾತ್ರ ಸಮಿತಿಯದು. ತೂಗುದೀಪ ಕೊಟ್ಟವರ ಹೆಸರು ಅಮೃತಶಿಲೆಯ ಮೇಲೆ ಏರುತ್ತದೆ. ಫ್ಯಾನಿನ ರೆಕ್ಕೆಯ ಮೇಲೂ ದಾನಿಗಳ ಹೆಸರು ತಿರುಗುತ್ತದೆ. ಅರ್ಥಿಂಗ್ ಗುಂಡಿಗೆ ಮಾತ್ರ ಈವರೆಗೆ ದಾನಿಗಳು ಮುಂದೆ ಬಂದಂತಿಲ್ಲ. ಅದರ ಮೇಲೆ ಹೆಸರು ಕೆತ್ತಿಸಿದರೆ ಓದುವವರು ಯಾರು?

ವಾರ್ಷಿಕ ಆಯವ್ಯಯದಲ್ಲಿ ಹೂವಿಗೆ, ಎಣ್ಣೆಗೆ, ವಾದ್ಯಕ್ಕೆ ಇರುವಂತೆ ವಿದ್ಯುತ್ ಪರೀಕ್ಷೆಗೂ ಒಂದು ಸಾಲು ಇರಬೇಕು. ಆ ಕೆಲಸವನ್ನು ವರ್ಷವಿಡೀ ನೋಡಿಕೊಳ್ಳಲು ಪರ್ಮಿಟುಳ್ಳ ಒಬ್ಬ ಸ್ಥಳೀಯನನ್ನು ಲಿಖಿತವಾಗಿ ಗೊತ್ತುಮಾಡಬೇಕು. ಅವನು ಬೇಡವೆಂದ ಸಂಪರ್ಕವನ್ನು ಅಧ್ಯಕ್ಷರು ಹೇಳಿದರೂ ಕೊಡಬಾರದು. ಅವನಿಗೆ ಅಪಘಾತ ವಿಮೆ ಇದೆಯೇ ಎಂದೂ ವಿಚಾರಿಸಬೇಕು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು 2022ರಲ್ಲಿ ಪರಿಷ್ಕೃತವಾದಂತೆ ವರ್ಷಕ್ಕೆ 20 ರೂಪಾಯಿ. ಅಪಘಾತದಲ್ಲಿ ಪ್ರಾಣಹಾನಿಯಾದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ದೊರಕುತ್ತದೆ. ಕಂತು ಅವನ ಬ್ಯಾಂಕ್ ಖಾತೆಯಿಂದಲೇ ಕಡಿತವಾಗಬೇಕಾದರೂ ಅದನ್ನು ಭರಿಸಿಕೊಡಲು ಟ್ರಸ್ಟಿಗೆ ಅಡ್ಡಿಯಿಲ್ಲ. ದೀಪೋತ್ಸವದ ಏಣಿಯನ್ನು ಅವನು ಹತ್ತುವ ಮೊದಲು ಬ್ಯಾಂಕಿಗೆ ಕರೆದೊಯ್ದು ಆ ಅರ್ಜಿಗೆ ಸಹಿ ಹಾಕಿಸಲು ಕಾರ್ಯದರ್ಶಿಗಳಿಗೆ ಬೇಕಾಗುವುದು ಅರ್ಧ ಗಂಟೆ.